ಐವತ್ತೆಂಟು ದಾಂಡು

"ಹಣಕ್ಕೆ ಬಂದವನು ಎಂದಾದರೂ ನಮ್ಮವನಾಗುತ್ತಾನೆಯೆ?" ಎಂದು ಶಿಷ್ಯ ಕೇಳಿದ.

ಗುರುಗಳು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತಲಿಲ್ಲ.

"ಯಾರ ವಿಷಯ?"

"ಹೊಸ ಪಂಡಿತರ ವಿಷಯ. ಹೋದ ವರ್ಷ ಗುಡ್ಡದ ಮಠದಲ್ಲಿ ಪುರಾಣ ಹೇಳುತ್ತಿದ್ದರು. ಅದರ ಹಿಂದಿನ ವರ್ಷ ಇನ್ನೊಂದು ಮಠದಲ್ಲಿ. ಈ ವರ್ಷ ನಾವು ಹೆಚ್ಚು ಸಂಭಾವನೆ ಕೊಟ್ಟೆವು, ಇಲ್ಲಿಗೆ ಬಂದರು. ಅವರ ಬಳಿ ಕೂತು ಕಲಿ ಎಂದು ನೀವು ಹೇಳಿದಿರಿ. ನನಗೆ ಮನಸ್ಸು ಬರುತ್ತಿಲ್ಲ."

"ಅವರಲ್ಲಿ ಏನು ಕಂಡೆ?"

"ಎಂಟು ದಿನದಿಂದ ನೋಡುತ್ತಿದ್ದೇನೆ. ಏನೂ ಸಿಕ್ಕಿಲ್ಲ. ಅದಕ್ಕೇ ಅನುಮಾನ ಜಾಸ್ತಿಯಾಗಿದೆ."

ಗುರುಗಳು ಮೊರವನ್ನು ಪಕ್ಕಕ್ಕೆ ಇಟ್ಟರು. ಈ ಕತೆ ಹೇಳಿದರು.

ಒಂದು ಹಳ್ಳ. ಅದರ ಆಚೆ ಈಚೆ ಎರಡು ಪೇಟೆ. ಒಂದು ಮೇಲಿನ ಪೇಟೆ, ಒಂದು ಕೆಳಗಿನ ಪೇಟೆ. ವಾರಕ್ಕೊಂದು ಸಂತೆ. ಸಂತೆ ಎಲ್ಲಿ ನಡೆಯಬೇಕು ಎಂದು ಎರಡು ಪೇಟೆಗೂ ಹಿಂದೆ ಜಗಳ ಇತ್ತು. ಹಿರಿಯರು ಸೇರಿ ಒಂದು ಕಟ್ಟಳೆ ಮಾಡಿದ್ದರು. ವರ್ಷಕ್ಕೊಮ್ಮೆ ಎರಡು ಪೇಟೆಯವರೂ ಚಿನ್ನಿದಾಂಡು ಆಡಬೇಕು. ಗೆದ್ದ ಪೇಟೆಯಲ್ಲಿ ಆ ವರ್ಷವೆಲ್ಲ ಸಂತೆ.

ಆಟ ಎಲ್ಲರೂ ಬಲ್ಲದ್ದೇ. ಎರಡೂ ತುದಿ ಚೂಪು ಮಾಡಿದ ಗೇಣುದ್ದದ ಚಿನ್ನಿ. ಮೊಳದುದ್ದದ ದಾಂಡು. ಚಿನ್ನಿಯ ತುದಿಗೆ ತಟ್ಟಿ ಎಬ್ಬಿಸಬೇಕು, ಗಾಳಿಯಲ್ಲಿರುವಾಗಲೇ ಹೊಡೆಯಬೇಕು. ಒಂದೊಂದು ಪೇಟೆಗೆ ಹತ್ತು ಹೊಡೆತ. ಹತ್ತನ್ನೂ ಒಬ್ಬನೇ ಹೊಡೆಯಬೇಕು. ಹೊಡೆಯುವ ಕುಳಿಯಿಂದ ಚಿನ್ನಿ ಬಿದ್ದ ಜಾಗಕ್ಕೆ ಎಷ್ಟು ದಾಂಡು ದೂರವೋ ಅಷ್ಟು ಲೆಕ್ಕ.

ಆದರೆ ಪ್ರತಿ ಸಲವೂ ಅಳೆಯುತ್ತಿರಲಿಲ್ಲ. ಹೊಡೆದವನೇ ನಿಂತಲ್ಲಿಂದ ನೋಡಿ ಇಷ್ಟು ದಾಂಡು ಎಂದು ಕೂಗಬೇಕು. ಎದುರು ಪಕ್ಷದವರು ಒಪ್ಪಿದರೆ ಮುಗಿಯಿತು. ಒಪ್ಪದಿದ್ದರೆ "ಅಳೆಯಿರಿ" ಅನ್ನಬೇಕು. ಅಳೆದಾಗ ಕೂಗಿದ್ದಕ್ಕಿಂತ ಒಂದು ದಾಂಡು ಕಡಿಮೆ ಬಂದರೂ ಆ ಹೊಡೆತ ಪೂರ್ತಿ ಹೋಯಿತು. ಹೆಚ್ಚು ಬಂದರೆ ಕೂಗಿದಷ್ಟೇ ಲೆಕ್ಕ.

ಮೇಲಿನ ಪೇಟೆಯಲ್ಲಿ ಒಬ್ಬ ಕುಂಬಾರನಿದ್ದ. ಆಟ ಆಡುವವನಲ್ಲ, ನೋಡುವವನು. ಮದುವೆಯಾದ ವರ್ಷದಿಂದ ಒಂದು ಆಟವನ್ನೂ ಬಿಟ್ಟಿರಲಿಲ್ಲ. ಹೆಂಡತಿಯೂ ಜೊತೆಗೆ ಬರುತ್ತಿದ್ದಳು. ಅವನು ಹೊಡೆತ ನೋಡುತ್ತಿದ್ದ. ಅವಳು ಅವನ ಮುಖ ನೋಡಿ ಎಷ್ಟು ದಾಂಡು ಹೋಯಿತೆಂದು ಹೇಳುತ್ತಿದ್ದಳು.

ಆ ಪೇಟೆಗೆ ಬಹಳ ವರ್ಷ ಒಬ್ಬ ನೇಕಾರ ಹೊಡೆಯುತ್ತಿದ್ದ. ಅಲ್ಲೇ ಹುಟ್ಟಿದವನು. ನಲವತ್ತು ಬಿದ್ದರೆ ನಲವತ್ತಮೂರು ಅನ್ನುತ್ತಿದ್ದ. ಕೆಲವು ಸಲ ದಕ್ಕುತ್ತಿತ್ತು, ಕೆಲವು ಸಲ ಸಿಕ್ಕಿಬೀಳುತ್ತಿದ್ದ. ಸಿಕ್ಕಿಬಿದ್ದರೆ ಯಾರೂ ಬಯ್ಯುತ್ತಿರಲಿಲ್ಲ. ಪೇಟೆಗಾಗಿ ಹೇಳಿದ, ಪಾಪ, ಅನ್ನುತ್ತಿದ್ದರು. ಕುಂಬಾರನೂ ಅನ್ನುತ್ತಿದ್ದ.

ನೇಕಾರನಿಗೆ ವಯಸ್ಸಾಯಿತು. ತೋಳು ಸೋತಿತು. ಮೇಲಿನ ಪೇಟೆ ಮೂರು ವರ್ಷ ಸಾಲಾಗಿ ಸೋತಿತು. ಸಂತೆ ಹಳ್ಳದ ಆಚೆಗೆ ಹೋಯಿತು.

ಕುಂಬಾರ ಸಂತೆಯ ದಿನ ಮಡಕೆ ಹೊತ್ತು ಹಳ್ಳ ದಾಟಬೇಕಾಯಿತು. ಹಳ್ಳದಲ್ಲಿ ಜಾರುವ ಕಲ್ಲು. ಗಾಡಿ ಇಳಿಯುವುದಿಲ್ಲ. ಹೆಂಡತಿ ಇರುವಾಗ ಇಬ್ಬರೂ ಒಂದೊಂದು ಬುಟ್ಟಿ ಹೊತ್ತು ದಾಟುತ್ತಿದ್ದರು. ಎರಡನೆಯ ವರ್ಷ ಅವಳು ತೀರಿಕೊಂಡಳು. ಆಮೇಲೆ ಅವನು ಎರಡು ಸಲ ದಾಟುತ್ತಿದ್ದ.

ಮೇಲಿನ ಪೇಟೆಯಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಅವನ ಅಂಗಡಿಗೂ ಗಿರಾಕಿ ಇಲ್ಲವಾಗಿತ್ತು. ನಾಲ್ಕನೆಯ ವರ್ಷ ಅವನು ದೂರದ ಊರಿನಿಂದ ಒಬ್ಬ ಹೊಡೆತಗಾರನನ್ನು ಕರೆಸಿದ. ಇರಲು ಮನೆ, ವರ್ಷಕ್ಕಾಗುವಷ್ಟು ಜೋಳ, ಮೇಲೆ ನೂರು ಬೆಳ್ಳಿ ನಾಣ್ಯ. ಆ ಪೇಟೆಯಲ್ಲಿ ಅಷ್ಟು ಬೆಳ್ಳಿಯನ್ನು ಒಟ್ಟಿಗೆ ಯಾರೂ ನೋಡಿರಲಿಲ್ಲ. ಆ ತಿಂಗಳೇ ವ್ಯಾಪಾರಿಯ ಅಂಗಡಿಯಲ್ಲಿ ಬಟ್ಟೆಯ ಬೆಲೆ ಏರಿತು.

ಕುಂಬಾರ ಅಂಗಡಿಗೆ ಹೋದ.

"ಏನು ಸೆಟ್ಟರೆ, ಅವನ ತೋಳಿಗೆ ನನ್ನ ಪಂಚೆ ಕೂಲಿ ಕೊಡಬೇಕೆ?"

"ಸಂತೆ ಈಚೆ ಬಂದರೆ ನಿನಗೂ ಲಾಭವೇ ಅಲ್ಲವೇನಯ್ಯ."

"ನಮ್ಮಲ್ಲಿ ಹೊಡೆಯುವವರು ಇಲ್ಲವೆ?"

"ಇದ್ದಾರೆ. ಮೂರು ವರ್ಷದಿಂದ ಸೋಲುತ್ತಿದ್ದಾರೆ."

"ಸೋತರೂ ನಮ್ಮವರು."

"ಹಾಗಾದರೆ ಬುಟ್ಟಿ ಹೊತ್ತುಕೊಂಡೇ ಓಡಾಡು. ಬೇಡ ಅಂದವರು ಯಾರು?"

ಕುಂಬಾರನಿಗೆ ಸಂತೆ ಬೇಕಾಗಿತ್ತು. ಅವನ ಮೊಣಕಾಲು ಊದುತ್ತಿತ್ತು. ಇನ್ನೊಂದು ವರ್ಷ ಹಳ್ಳ ದಾಟಲು ಆಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಆದರೂ ಬಂದವನ ಮೇಲೆ ಅವನಿಗೆ ನಂಬಿಕೆ ಬರಲಿಲ್ಲ. ನೂರು ಬೆಳ್ಳಿಗೆ ಬಂದವನು ನೂರಹತ್ತಕ್ಕೆ ಹೋಗುತ್ತಾನೆ ಎಂದು ಲೆಕ್ಕ ಹಾಕಿದ. ಮಣ್ಣು ತುಳಿಯುವಾಗಲೂ ಅದೇ ಯೋಚನೆ. ತಿಗರಿ ತಿರುಗಿಸುವಾಗಲೂ ಅದೇ.

ಬಂದವನು ಎಲ್ಲಿ ಉಣ್ಣುತ್ತಾನೆ, ಯಾರ ಜೊತೆ ಮಾತಾಡುತ್ತಾನೆ ಎಂದು ನೋಡತೊಡಗಿದ. ಬಂದವನು ದಿನಾ ಬೆಳಿಗ್ಗೆ ಬಯಲಿಗೆ ಹೋಗುತ್ತಿದ್ದ. ಬರಿಗಾಲಿನಲ್ಲಿ ಕುಳಿಯಿಂದ ಬಯಲಿನ ಅಂಚಿನವರೆಗೆ ನಡೆಯುತ್ತಿದ್ದ. ತಿರುಗಿ ಬರುತ್ತಿದ್ದ. ಮತ್ತೆ ನಡೆಯುತ್ತಿದ್ದ. ಹೊಡೆಯಲು ಬಂದವನು ಯಾಕೆ ನಡೆಯುತ್ತಾನೆ ಎಂದು ಕುಂಬಾರನಿಗೆ ಅನುಮಾನ. ಒಂದು ದಿನ ಕೆಳಗಿನ ಪೇಟೆಯ ಯಜಮಾನ ಹಳ್ಳ ದಾಟಿ ಬಂದು ಅವನ ಜೊತೆ ನಿಂತು ಮಾತಾಡಿದ. ಇಬ್ಬರೂ ನಕ್ಕರು. ಏನು ಮಾತಾಡಿದರೆಂದು ಕುಂಬಾರನಿಗೆ ಕೇಳಿಸಲಿಲ್ಲ. ನಕ್ಕದ್ದು ಮಾತ್ರ ಕಾಣಿಸಿತು.

ಅವನು ಬಂದವನನ್ನು ತಡೆದು ನಿಲ್ಲಿಸಿದ.

"ಯಾವ ಊರಪ್ಪ ನಿನ್ನದು?"

"ಈ ವರ್ಷ ಇದೇ ಊರು."

"ಮುಂದಿನ ವರ್ಷ?"

"ಮುಂದಿನ ವರ್ಷ ಯಾರು ಕರೆಯುತ್ತಾರೋ ನೋಡಬೇಕು."

"ಸೋತರೆ ನಿನಗೇನು ಹೋಗುತ್ತದೆ?"

"ಸೋತರೆ ನನ್ನ ತೋಳಿನ ಬೆಲೆ ಇಳಿಯುತ್ತದೆ. ನಿನಗೇನು ಇಳಿಯುತ್ತದೆ ಅಣ್ಣ?"

"ನನಗೆ ಏನೂ ಇಳಿಯುವುದಿಲ್ಲ. ತಲೆಯ ಮೇಲಿನ ಬುಟ್ಟಿಯೂ ಇಳಿಯುವುದಿಲ್ಲ."

ಬಂದವನು ಅವನ ಮೊಣಕಾಲು ನೋಡಿದ. ಬಯಲಿನ ಕಡೆ ನಡೆದ. ಮಾತಿಗೆ ಸಿಗದೆ ಹೋದನಲ್ಲ ಎಂದು ಕುಂಬಾರನ ಅನುಮಾನ ಇನ್ನಷ್ಟು ಬಲಿಯಿತು.

ಆಟದ ದಿನ ಬಂತು. ಕೆಳಗಿನ ಪೇಟೆಯವರು ಮೊದಲು ಹೊಡೆದರು. ಚೆನ್ನಾಗಿಯೇ ಹೊಡೆದರು. ಆಮೇಲೆ ಬಂದವನು ದಾಂಡು ಹಿಡಿದ. ಮೊದಲ ಹೊಡೆತಕ್ಕೆ ಐವತ್ತೆರಡು ಎಂದು ಕೂಗಿದ. ಎದುರಿನವರು ಅಳೆಯಿರಿ ಅಂದರು. ಅಳೆದರು. ಐವತ್ತೆರಡೇ. ಎರಡನೆಯದಕ್ಕೆ ನಲವತ್ತೊಂಬತ್ತು ಅಂದ. ಅಳೆದರು. ನಲವತ್ತೊಂಬತ್ತೇ. ಮೂರನೆಯದನ್ನೂ ಅಳೆದರು, ನಾಲ್ಕನೆಯದನ್ನೂ ಅಳೆದರು. ಅವನು ಅಂದಷ್ಟೇ ಬಂತು. ಐದನೆಯದರಿಂದ ಕೆಳಗಿನ ಪೇಟೆಯವರು ಅಳೆಯುವುದನ್ನು ಬಿಟ್ಟರು. ಅವನು ಕೂಗುತ್ತಿದ್ದ, ಅವರು ತಲೆಯಾಡಿಸುತ್ತಿದ್ದರು.

ಒಂಬತ್ತು ಹೊಡೆತ ಮುಗಿಯಿತು. ಹತ್ತನೆಯದರಲ್ಲಿ ಅರವತ್ತು ದಾಂಡು ಬಂದರೆ ಮೇಲಿನ ಪೇಟೆ ಗೆದ್ದಂತೆ. ಅರವತ್ತು ಅಂದರೆ ದೊಡ್ಡ ಹೊಡೆತ. ಆ ದಿನ ಯಾರೂ ಅಷ್ಟು ಹೊಡೆದಿರಲಿಲ್ಲ.

ಬಂದವನು ಚಿನ್ನಿಯನ್ನು ಎಬ್ಬಿಸಿದ. ಹೊಡೆದ. ಚಿನ್ನಿ ಎಲ್ಲರ ತಲೆಯ ಮೇಲೆ ಹಾದು ಹೋಗಿ ಬಯಲಿನ ಅಂಚಿನ ಹುಲ್ಲಿನಲ್ಲಿ ಬಿತ್ತು. ಮೇಲಿನ ಪೇಟೆಯವರು ಎದ್ದು ನಿಂತರು. ಕುಂಬಾರನೂ ಎದ್ದ. ಕಣ್ಣಳತೆಯಲ್ಲೇ ಮಡಕೆಯ ಬಾಯಿ ಸರಿ ಮಾಡುವವನು ಅವನು. ಅರವತ್ತು ದಾಟಿದೆ ಎಂದು ಅವನ ಕಣ್ಣು ಹೇಳಿತು. ಪಕ್ಕಕ್ಕೆ ತಿರುಗಿದ. ಪಕ್ಕದಲ್ಲಿ ಯಾರೂ ಇರಲಿಲ್ಲ.

ಬಂದವನು ಚಿನ್ನಿಯನ್ನು ನೋಡಿದ. ಸ್ವಲ್ಪ ಹೊತ್ತು ನೋಡಿದ.

"ಐವತ್ತೆಂಟು" ಎಂದು ಕೂಗಿದ.

ಕೆಳಗಿನ ಪೇಟೆಯ ಯಜಮಾನ ತಲೆಯಾಡಿಸಿದ. ಗೆಲುವಿಗೆ ಎರಡು ದಾಂಡು ಸಾಲದೆ ಮೇಲಿನ ಪೇಟೆ ಸೋತಿತು.

ಆಗ ಕುಂಬಾರ ಬಯಲಿಗೆ ಇಳಿದ.

"ಅಳೆಯಿರಿ" ಅಂದ.

ಜನ ನಕ್ಕರು. ತನ್ನ ಪಕ್ಷದ ಹೊಡೆತವನ್ನೇ ಅಳೆಯಿರಿ ಅಂದವರು ಅಲ್ಲಿ ಯಾರೂ ಇರಲಿಲ್ಲ. ಕೆಳಗಿನ ಪೇಟೆಯ ಯಜಮಾನ ಹತ್ತಿರ ಬಂದ.

"ಅಳೆದು ಏನು ಮಾಡುತ್ತೀಯ ಕುಂಬಾರಣ್ಣ? ಹೆಚ್ಚು ಬಂದರೂ ಅವನು ಕೂಗಿದ್ದೇ ಲೆಕ್ಕ."

"ಲೆಕ್ಕ ನೀವೇ ಇಟ್ಟುಕೊಳ್ಳಿ. ಇವನು ನಮ್ಮನ್ನು ಮಾರಿದ್ದಾನೆ. ಅದು ಎಲ್ಲರಿಗೂ ಗೊತ್ತಾಗಲಿ."

ಬಂದವನು ದಾಂಡನ್ನು ಕುಂಬಾರನ ಕೈಗೆ ಕೊಟ್ಟ.

ಕುಂಬಾರ ಕುಳಿಯ ಹತ್ತಿರ ಕೂತ. ದಾಂಡನ್ನು ನೆಲಕ್ಕೆ ಇಟ್ಟ. ಒಂದು ಅಂದ. ಅದರ ತುದಿಗೆ ಬೆರಳಿಟ್ಟು ದಾಂಡನ್ನು ಮುಂದಕ್ಕೆ ಇಟ್ಟ. ಎರಡು ಅಂದ. ಮೊಣಕಾಲು ನೋಯುತ್ತಿತ್ತು. ಕೂತುಕೊಂಡೇ ತೆವಳಿದ. ಎರಡು ಪೇಟೆಯವರೂ ಅವನ ಹಿಂದೆ ನಡೆದರು. ಐವತ್ತರ ಹೊತ್ತಿಗೆ ಹುಲ್ಲು ಬಂತು. ಹುಲ್ಲನ್ನು ಕೈಯಿಂದ ಸರಿಸಿ ಸರಿಸಿ ದಾಂಡು ಇಟ್ಟ. ಐವತ್ತಾರು ಅಂದ. ಐವತ್ತೇಳು ಅಂದ. ಇನ್ನೊಂದು ಸಲ ಇಟ್ಟ. ದಾಂಡಿನ ತುದಿ ಚಿನ್ನಿಗೆ ತಾಗಿತು.

ಅವನು ಆ ಲೆಕ್ಕವನ್ನು ಬಾಯಿಬಿಟ್ಟು ಹೇಳಲಿಲ್ಲ. ನೋಡಿದವರಿಗೆಲ್ಲ ಗೊತ್ತಾಗಿತ್ತು.

ಕುಂಬಾರ ಹೇಳಿದ: "ಎರಡು ದಾಂಡು. ಎರಡೇ ಎರಡು. ನಮ್ಮ ನೇಕಾರನಾಗಿದ್ದರೆ ಅರವತ್ತು ಅನ್ನುತ್ತಿದ್ದ."

"ಇಲ್ಲದ ನೆಲವನ್ನು ನಾನು ಎಲ್ಲಿಂದ ತರಲಿ ಅಣ್ಣ?" ಅಂದ ಬಂದವನು.

ಕೆಳಗಿನ ಪೇಟೆಯ ಯಜಮಾನ ಹೇಳಿದ: "ನಿಮ್ಮ ನೇಕಾರ ಅರವತ್ತು ಅಂದಿದ್ದರೆ ನಾವು ಅಳೆಯುತ್ತಿದ್ದೆವು. ಇವನು ಅಂದಿದ್ದರೆ ಅಳೆಯುತ್ತಿರಲಿಲ್ಲ. ನೀವು ಗೆದ್ದುಬಿಡುತ್ತಿದ್ದಿರಿ." ಮತ್ತೆ ಹೇಳಿದ: "ಹೋದ ತಿಂಗಳು ನಮ್ಮ ಪೇಟೆಗೆ ಬಾ ಎಂದು ನಾನೇ ಇವನನ್ನು ಕೇಳಿದೆ. ನೂರೈವತ್ತು ಬೆಳ್ಳಿ ಅಂದೆ. ಈ ವರ್ಷ ಮಾತು ಕೊಟ್ಟಾಗಿದೆ ಎಂದು ನಕ್ಕ. ನಾನೂ ನಕ್ಕೆ."

ಕುಂಬಾರ ಕೂತೇ ಇದ್ದ. ಅವನ ಕೈಯಲ್ಲಿ ದಾಂಡಿತ್ತು. ಬಂದವನು ಅವನನ್ನು ಎಬ್ಬಿಸಲು ಕೈ ಚಾಚಿದ. ಕುಂಬಾರ ಆ ಕೈ ಹಿಡಿಯಲಿಲ್ಲ. ನೆಲಕ್ಕೆ ದಾಂಡು ಊರಿ ತಾನೇ ಎದ್ದ.

ಬಟ್ಟೆ ವ್ಯಾಪಾರಿಗೆ ಸಿಟ್ಟು ಬಂದಿತ್ತು. ಎರಡು ದಾಂಡು ಹೆಚ್ಚು ಹೇಳಲಾರದವನಿಗೆ ನಾನು ಯಾಕೆ ಜೋಳ ಹಾಕಲಿ ಅಂದ. ವರ್ಷ ಮುಗಿಯಿತು. ವ್ಯಾಪಾರಿ ಮತ್ತೆ ಅವನನ್ನು ಕರೆಯಲಿಲ್ಲ. ಕೆಳಗಿನ ಪೇಟೆಯವರು ಕರೆದರು. ಅವನು ಗಂಟು ಕಟ್ಟಿಕೊಂಡು ಹಳ್ಳ ದಾಟಿದ. ಮುಂದಿನ ಆಟದಲ್ಲಿ ಅವರಿಗೆ ಹೊಡೆದ.

ಕುಂಬಾರನ ಕೈಲಿ ಈಗ ಬುಟ್ಟಿ ಹೊತ್ತು ಹಳ್ಳ ದಾಟಲು ಆಗುತ್ತಿರಲಿಲ್ಲ. ಮಡಕೆಗಳನ್ನು ಮನೆಯ ಮುಂದೆ ಜೋಡಿಸಿಟ್ಟು ಕೂತಿರುತ್ತಿದ್ದ. ಸಂತೆಗೆ ಹೋಗುವವರು ಆ ದಾರಿಯಲ್ಲೇ ಹೋಗುತ್ತಿದ್ದರು. ಹೋಗುವವರನ್ನೆಲ್ಲ ನಿಲ್ಲಿಸಿ ಹೇಳುತ್ತಿದ್ದ: "ನೋಡಿದಿರಾ? ನಾನು ಅಂದಿರಲಿಲ್ಲವೆ? ಹೆಚ್ಚು ಕೊಡುವವರ ಕಡೆ ಹೋದ. ಅವನು ಯಾವತ್ತೂ ನಮ್ಮವನಾಗಿರಲಿಲ್ಲ."

ಕೆಲವರು ಹೌದು ಅನ್ನುತ್ತಿದ್ದರು. ಕೆಲವರು ಒಂದು ಮಡಕೆ ಕೊಂಡು ಸುಮ್ಮನೆ ಹೋಗುತ್ತಿದ್ದರು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನ ಮುಖದಲ್ಲಿ ಗೆಲುವು ಕಾಣಿಸಿತು. "ಅಂದಮೇಲೆ ಕುಂಬಾರನ ಅನುಮಾನ ನಿಜವೇ ಆಯಿತಲ್ಲ ಗುರುಗಳೆ. ಅವನು ಕೊನೆಗೂ ಹೋದ."

"ಹೋದ."

"ಹಾಗಾದರೆ ಈ ಪಂಡಿತರೂ ಹೋಗುತ್ತಾರೆ."

"ಹೋಗಬಹುದು."

"ಮತ್ತೆ ನಾನು ಅವರ ಬಳಿ ಯಾಕೆ ಕೂರಬೇಕು?"

ಗುರುಗಳು ಅವನನ್ನು ನೋಡಿದರು.

"ಕುಂಬಾರ ವರ್ಷವೆಲ್ಲ ಹುಡುಕಿದ್ದು ತನಗಾಗಿ ಸುಳ್ಳು ಹೇಳುವವನನ್ನು, ಮರಿ, ಎಂಟು ದಿನದಿಂದ ನೀನು ಯಾರನ್ನು ಹುಡುಕುತ್ತಿದ್ದೀಯ?"