ಓರೆಯಾದ ಕುದುರೆ

ಗದಗಿನ ಆ ಕಚೇರಿಗೆ ಬಂದವರೆಲ್ಲ ಮೊದಲು ವಿಚಾರಿಸುತ್ತಿದ್ದದ್ದು ಚದುರಂಗದಲ್ಲಿ ಹೆಸರು ಮಾಡಿದ ಗುಮಾಸ್ತನನ್ನು. ಮ್ಯಾನೇಜರ್ ಹೊನ್ನಳ್ಳಿ ಸಾಹೇಬರಿಗೆ ಅದನ್ನು ಕೇಳಿ ಕೇಳಿ ಹೊಟ್ಟೆ ಉರಿಯುತ್ತಿತ್ತು. ಈ ವರ್ಷ ಕಚೇರಿಯ ಚದುರಂಗ ಪಂದ್ಯಾವಳಿಯ ಫೈನಲ್‌ನಲ್ಲಿ ಅವರಿಬ್ಬರೇ ಎದುರಾದರು.

"ಮೊದಲ ನಾಕು ನಡೆ ನಾ ಹೇಳಿದಂಗ ಆಡಬೇಕು ನೀ. ಇಲ್ಲಾಂದ್ರ ಬೀದರಿಗೆ ವರ್ಗಾ," ಎಂದರು ಸಾಹೇಬರು. ಅವರು ಬಾಯಿಪಾಠ ಮಾಡಿದ್ದು ಒಂದೇ ಆರಂಭ, ರಾಣಿಯನ್ನು ಬೇಗ ಹೊರತರುವುದು.

"ಆಗಲ್ರೀ ಸಾಹೇಬ್ರ."

ಗುಮಾಸ್ತ ಹೇಳಿದಂತೆಯೇ ಆಡಿದ. ಸಾಹೇಬರ ರಾಣಿ ಹೊರಬಂದು ಅವನ ಕುದುರೆಗೆ ಗುರಿಯಿಟ್ಟಿತು. ಕುದುರೆಗೆ ಕಾಲಾಳಿನ ಕಾವಲಿತ್ತು. ನಡೆಸದೆ ಬರೀ ಕಾಯಿ ಮುಟ್ಟುವವರು ಮೊದಲೇ ಹೇಳಬೇಕೆಂಬ ನಿಯಮದಂತೆ ಅವನು "ಸರಿಪಡಿಸ್ತೀನಿ" ಎಂದು ಹೇಳಿ, ಆ ಕುದುರೆಯನ್ನು ಓರೆಯಾಗಿ ತಿರುಗಿಸಿಟ್ಟ. ಆಮೇಲೆ ನಾಲ್ಕನೆಯ ನಡೆ ನಡೆಸಿದ.

ಯಾರ ಮೇಜಿನ ಮೇಲೆ ಏನು ಓರೆಯಾಗಿದ್ದರೂ ನೆಟ್ಟಗಿಡದೆ ಮುಂದೆ ಹೋಗದ ಚಾಳಿ ಸಾಹೇಬರದು. ಕೈ ತಾನಾಗಿ ಹೋಗಿ ಕುದುರೆಯನ್ನು ನೆಟ್ಟಗಿಟ್ಟಿತು. "ಸರಿಪಡಿಸ್ತೀನಿ" ಎನ್ನುವುದು ಮರೆತೇ ಹೋಯಿತು.

"ಎದುರಾಳಿ ಕಾಯಿ ಮುಟ್ಟೀರಿ, ಹೊಡೀಲೇಬೇಕು," ಎಂದರು ತೀರ್ಪುಗಾರರು.

ಹೊಡೆಯಬಲ್ಲದ್ದು ರಾಣಿಯೊಂದೇ. ಅದು ಕುದುರೆಯನ್ನು ಹೊಡೆಯಿತು. ಮರುಕ್ಷಣ ಕಾಲಾಳು ರಾಣಿಯನ್ನು ಹೊಡೆಯಿತು.

"ಇದು ಮೋಸ," ಎಂದು ಸಾಹೇಬರು ಗೊಣಗಿದರು.

"ನೀವು ಹೇಳಿದ ನಾಕೂ ನಡೆ ಆಡೀನ್ರಿ," ಎಂದ ಗುಮಾಸ್ತ, ಎಲ್ಲರಿಗೂ ಕೇಳುವಂತೆ. "ಇನ್ನ ವರ್ಗಾ ಇಲ್ಲಲ್ರೀ?"

ಮರುದಿನ ಗುಮಾಸ್ತನ ಮೇಜಿನ ಮೇಲೆ ಗೆದ್ದ ಕಪ್ ಕೊಂಚ ಓರೆಯಾಗಿ ನಿಂತಿತ್ತು. ಸಾಹೇಬರು ಎರಡೂ ಕೈ ಬೆನ್ನ ಹಿಂದೆ ಬಿಗಿಯಾಗಿ ಕಟ್ಟಿಕೊಂಡು ಅದನ್ನು ದಾಟಿಹೋದರು.