ಉಪ್ಪು ನೋಡುವವರು

ಹೊಳೆಯ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ವನಜಾಕ್ಷಿ ಆಶ್ರಮದ ಜಗಲಿಗೆ ಬಂದು, ತನ್ನ ಮನೆಯ ಬೀಗದ ಕೈಯನ್ನು ಗುರುಗಳ ಮುಂದೆ ಇಟ್ಟಳು.

“ಮನೆಯನ್ನು ಯಾರಿಗಾದರೂ ಕೊಟ್ಟುಬಿಡಿ, ಗುರುಗಳೇ. ನಾನು ಇಲ್ಲೇ ಇದ್ದುಬಿಡುತ್ತೇನೆ.”

ಗಂಡ ತೀರಿಕೊಂಡ ಮೇಲೆ ಅವಳು ಆ ಮನೆಯಲ್ಲಿ ಒಲೆ ಹೊತ್ತಿಸಿರಲಿಲ್ಲ. ಆಶ್ರಮದ ಗಂಜಿಯನ್ನೂ ಉಪ್ಪು ಬೆರೆಸದೆ ಕುಡಿಯುತ್ತಿದ್ದಳು. ಕೇಳಿದವರಿಗೆ, ರುಚಿ ಬಿಟ್ಟಿದ್ದೇನೆ ಎನ್ನುತ್ತಿದ್ದಳು.

“ಕೊಡೋಣ,” ಎಂದರು ಗುರುಗಳು. “ಅದಕ್ಕೆ ಮೊದಲು ಆ ಮನೆಯಲ್ಲಿ ನನಗೊಮ್ಮೆ ಬಡಿಸು. ತಿಂಡಿಯ ಹೊತ್ತು ಮೀರಿರಬೇಕು, ಊಟದ ಹೊತ್ತು ಆಗಿರಬಾರದು. ಸಿಹಿಯೂ ಇರಲಿ, ಖಾರವೂ ಇರಲಿ.”

“ಗುರುಗಳಿಗೂ ಇಷ್ಟು ಬಾಯಿಚಪಲವೇ?”

“ಹಲ್ಲೆಲ್ಲ ಬಿಟ್ಟುಹೋದವು, ತಾಯಿ. ಇದೊಂದು ಬಿಟ್ಟುಹೋಗಲಿಲ್ಲ.”

ಆಶ್ರಮದಿಂದಲೇ ಅಡುಗೆಯ ಸಾಮಾನು ಕಟ್ಟಿಕೊಂಡು ಇಬ್ಬರೂ ತೆಪ್ಪದಲ್ಲಿ ಹೊಳೆ ದಾಟಿದರು. ನಡುನೀರಿನಲ್ಲಿ ಆ ದಡವೂ ಕಾಣಲಿಲ್ಲ, ಈ ದಡವೂ ಕಾಣಲಿಲ್ಲ.

ಗುರುಗಳೇ ಬೀಗ ತೆಗೆದು, ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು ಕೂತರು. ವನಜಾಕ್ಷಿ ತುಪ್ಪಕ್ಕೆ ರವೆ ಸುರಿದು ಹುರಿಯತೊಡಗಿದಳು. ಘಮ ಒಂದೊಂದೇ ಕೋಣೆಗೆ ಹೋಗಿ, ಮಲಗಿದ್ದವರನ್ನು ಎಬ್ಬಿಸುವಂತೆ ಹರಡಿತು.

“ತುಪ್ಪ ಸಾಲದು.”

“ಅಯ್ಯೋ, ರವೆಯೇ ಈಜುತ್ತಿದೆ!”

“ಮುಳುಗಲಿ. ಗೋಡಂಬಿಯಲ್ಲೂ ಕೈ ಬಿಗಿ ಮಾಡಬೇಡ.”

ಅರ್ಧ ರವೆಗೆ ಸಕ್ಕರೆ, ದ್ರಾಕ್ಷಿ, ಹಾಲಿನಲ್ಲಿ ನೆನೆದ ಕೇಸರಿ ಬಿದ್ದವು. ಉಳಿದ ಅರ್ಧ ಉಪ್ಪಿಟ್ಟಿಗೆ. ಸಾಸಿವೆ ಸಿಡಿಯಿತು, ಕರಿಬೇವು ಚಟಪಟ ಎಂದಿತು, ಅವರೆಕಾಳಿನ ಜೊತೆ ನೀರು ಕುದಿಯಿತು.

ಆ ನೀರನ್ನು ಅವಳು ಸೌಟಿನ ತುದಿಯಲ್ಲಿ ತೆಗೆದು, ಬಾಗಿಲ ಕಡೆ ತಿರುಗಿದಳು.

ಅಲ್ಲಿ ಯಾರೂ ಇರಲಿಲ್ಲ.

ಈ ಹೊತ್ತಿಗೆ ಗಂಡ ಅಲ್ಲಿ ನಿಂತು ಅಂಗೈ ಚಾಚುತ್ತಿದ್ದ. ಹನಿ ನೀರು ನೆಕ್ಕಿ, “ಉಪ್ಪು ಇನ್ನೂ ಎದ್ದಿಲ್ಲ ಕಣೇ,” ಎನ್ನುತ್ತಿದ್ದ. ಆಮೇಲೆಯೇ ಅವಳ ಕೈ ಉಪ್ಪಿನ ಜಾಡಿಗೆ ಹೋಗುತ್ತಿತ್ತು.

ಅವಳು ನೀರನ್ನು ಪಾತ್ರೆಗೆ ಬಿಟ್ಟು, ರವೆ ಸುರಿದಳು.

ಎಲೆಯ ಮೇಲೆ ಕೇಸರಿಬಾತು, ಉಪ್ಪಿಟ್ಟು ಒಂದಕ್ಕೊಂದು ತಾಗಿಕೊಂಡು ಕೂತವು. ಗುರುಗಳು ಕಣ್ಣು ಮುಚ್ಚಿ ಸಿಹಿ ತಿಂದರು. ಉಪ್ಪಿಟ್ಟಿನ ಮೊದಲ ತುತ್ತಿಗೆ ಕಣ್ಣು ಬಿಟ್ಟರು.

“ಉಪ್ಪು ನೋಡಿದೆಯಾ?”

“ರುಚಿ ಬಿಟ್ಟವಳು ನಾನು. ನೋಡುವವರು ಈಗ ಇಲ್ಲ.”

“ಕೈ ಚಾಚು.”

ಗುರುಗಳು ಎಡಗೈಯಿಂದ ಸೌಟು ಹಿಡಿದು, ಪಾತ್ರೆಯಿಂದಲೇ ಅವಳ ಅಂಗೈಗೆ ಮೊದಲು ಕೇಸರಿಬಾತು ಹಾಕಿದರು. ಬೇಡವೆನ್ನಲಾಗದೆ ಬಾಯಿಗಿಟ್ಟಳು. ಅದು ಕರಗಿತು.

ಆಮೇಲೆ ಉಪ್ಪಿಟ್ಟು ಹಾಕಿದರು. ಒಮ್ಮೆ ಅಗಿದಳು, ಇನ್ನೊಮ್ಮೆ ಅಗಿದಳು. ಹುಬ್ಬು ಮೇಲೇರಿತು.

“ಉಪ್ಪು ಇನ್ನೂ ಎದ್ದಿಲ್ಲ ಕಣೇ!”

ಮಾತು ಹೊರಬಿದ್ದಿತ್ತು. ಅವಳು ಬಾಯಿಗೆ ಕೈ ಅಡ್ಡ ಹಿಡಿದು ಬಾಗಿಲ ಕಡೆ ನೋಡಿದಳು. ನಗು ಬಂತು. ನಗುತ್ತಿರುವಂತೆಯೇ ಅಳು ಬಂತು.

ಗುರುಗಳು ಕಾದರು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡ ಮೇಲೆ, ಬೀಗದ ಕೈಯನ್ನು ಉಪ್ಪಿನ ಜಾಡಿಯ ಪಕ್ಕದಲ್ಲಿಟ್ಟರು.

“ಇದು ಇಲ್ಲೇ ಇರಲಿ, ತಾಯಿ. ಉಪ್ಪು ನೋಡುವವರು ಇನ್ನೂ ಮನೆ ಬಿಟ್ಟಿಲ್ಲ.”