ಸಸಿಮಡಿಯ ಬೋಳು

“ಗುರುಗಳೇ, ನನ್ನಲ್ಲೊಂದು ದೋಷವಿದೆ. ಅದನ್ನು ಕೆದಕುವ ಬದಲು ಅದರ ಮೇಲೆ ಒಳ್ಳೆಯ ಗುಣಗಳನ್ನು ತುಂಬುತ್ತಾ ಹೋದರೆ ಮುಚ್ಚಿಹೋಗುವುದಿಲ್ಲವೇ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ರೈತನಿದ್ದ. ಬಡಾಯಿಯಲ್ಲಿ ನನಗಿಂತ ಗೇಣಷ್ಟೇ ಕಡಿಮೆ. ತನ್ನ ಟೊಮೆಟೊ ಸಸಿಗಳನ್ನು ನೋಡುವ ಆಸೆಗೇ ಸೂರ್ಯ ದಿನಾ ಹುಟ್ಟುತ್ತಾನೆ ಎನ್ನುತ್ತಿದ್ದ. ಸಂತೆಯ ದಿನ ಇಡೀ ಮಡಿಯ ಸಸಿಗಳನ್ನು ಒಯ್ಯಲು ಒಬ್ಬ ವ್ಯಾಪಾರಿ ಬರುವವನಿದ್ದ. “ಒಂದು ಸಸಿ ಬಾಡಿದ್ದರೂ ಮೀಸೆ ಬೋಳಿಸುತ್ತೇನೆ” ಎಂದು ರೈತ ಅವನಿಗೆ ಹೇಳಿಬಿಟ್ಟಿದ್ದ.

ಒಂದು ಬೆಳಿಗ್ಗೆ ಮಡಿಯ ನಡುವೆ ಅಂಗೈಯಗಲದ ಜಾಗದಲ್ಲಿ ಸಸಿಗಳು ಮಲಗಿದ್ದವು. ರೈತ ಅವನ್ನು ಕಿತ್ತೆಸೆದ. ಅಂಚಿನ ಗಟ್ಟಿ ಸಸಿಗಳನ್ನು ತಂದು ಅಲ್ಲಿ ನೆಟ್ಟು ಧಾರಾಳವಾಗಿ ನೀರು ಹಾಕಿದ. ಅವೂ ಮಲಗಿದವು. ಬೋಳು ತಟ್ಟೆಯಗಲವಾಯಿತು. ಮತ್ತೆ ತುಂಬಿದ. ಇಲಿಯಿರಬೇಕೆಂದು ಬೋನಿಟ್ಟ. ದೃಷ್ಟಿಯಿರಬೇಕೆಂದು ಬೆದರುಬೊಂಬೆ ನಿಲ್ಲಿಸಿದ. ಬೋಳು ಮೊರದಗಲವಾಯಿತು, ಅಂಚೂ ಬರಿದಾಗುತ್ತಾ ಬಂತು.

“ಮೀಸೆಗೆ ಕತ್ತಿ ಮಸೆಯಲೇನ್ರೀ?” ಎಂದಳು ಹೆಂಡತಿ.

“ಸುಮ್ಮನಿರೇ. ಇಲಿಯಾದರೆ ಹಲ್ಲಿನ ಗುರುತು ಬೇಡವೇ?” ಎಂದವನು, ತನ್ನ ಮಾತಿಗೆ ತಾನೇ ಬೆರಗಾಗಿ, ಮಡಿಯ ಪಕ್ಕ ಬೋರಲು ಮಲಗಿದ.

ಬಿದ್ದ ಸಸಿಯ ಎಲೆ ಇನ್ನೂ ಹಸಿರಾಗಿತ್ತು. ಕಚ್ಚಿದ ಗುರುತಿರಲಿಲ್ಲ. ಮಣ್ಣು ಒದ್ದೆಯಾಗಿತ್ತು, ಹಾಗಾಗಿ ಬಾಯಾರಿಕೆಯೂ ಅಲ್ಲ. ಕಾಂಡ ಮಾತ್ರ ಮಣ್ಣಿಗೆ ತಾಗುವಲ್ಲಿ ಕೊಳೆತು ದಾರದಂತಾಗಿತ್ತು. ಪಕ್ಕದಲ್ಲಿ ನೆಟ್ಟಗೆ ನಿಂತಿದ್ದ ಸಸಿಯೊಂದನ್ನು ಕಿತ್ತು ನೋಡಿದ. ಅದರ ಬುಡವೂ ಮೆತ್ತಗಾಗಿತ್ತು. ದೂರದ್ದೊಂದನ್ನು ಕಿತ್ತ. ಅದು ಗಟ್ಟಿಯಾಗಿತ್ತು.

ಕಾಯಿಲೆ ಅಲ್ಲಿನ ಹಸಿ ಮಣ್ಣಿನಲ್ಲಿದೆ ಎಂದು ಅವನಿಗೆ ತಿಳಿಯಿತು. ಮಡಿ ಉಳಿಯಬೇಕಾದರೆ ಬೋಳನ್ನು ತಾನೇ ಇನ್ನಷ್ಟು ಅಗಲ ಮಾಡಬೇಕು. ನಾಳೆಯೇ ಸಂತೆ. ರೈತ ಒಮ್ಮೆ ಮೀಸೆ ಮುಟ್ಟಿಕೊಂಡ. ಆಮೇಲೆ ಗುದ್ದಲಿ ತಂದು, ನಿಂತ ಸಸಿಗಳ ಸಮೇತ ಆ ಮಣ್ಣನ್ನು ಅಗೆದು ದೂರ ಸುರಿದ. ನೀರು ನಿಲ್ಲಿಸಿದ. ಸುತ್ತ ಒತ್ತೊತ್ತಾಗಿದ್ದ ಸಸಿಗಳನ್ನು ಗಾಳಿಯಾಡುವಂತೆ ನಡುನಡುವೆ ಕಿತ್ತು ವಿರಳ ಮಾಡಿದ.

ವ್ಯಾಪಾರಿ ಬಂದು ನೋಡಿದ. “ಇದೇನಯ್ಯಾ, ಮಡಿಯ ನಡುವೆ ಬಾವಿ ತೋಡಿದ್ದೀಯಾ?”

ರೈತ ಇದ್ದದ್ದನ್ನು ಇದ್ದಂತೆ ಹೇಳಿದ. ಅದು ಅವನಿಗೆ ಅಭ್ಯಾಸವಿಲ್ಲದ ಕೆಲಸ. ವ್ಯಾಪಾರಿ ಮುಂದಿನ ಸಂತೆಯವರೆಗೆ ಕಾದ. ಮತ್ತೆ ಒಂದೂ ಬೀಳಲಿಲ್ಲ. ಉಳಿದ ಅರ್ಧ ಮಡಿಯನ್ನು ಒಯ್ದ.

ಶಿಷ್ಯ ಕೇಳಿದ: “ಪಾಪ, ಅಂಚಿನ ಗಟ್ಟಿ ಸಸಿಗಳನ್ನೂ ರೋಗ ಬಿಡಲಿಲ್ಲವಲ್ಲ?”

ಗುರುಗಳು ಹೇಳಿದರು: “ಅಂಚಿಗೆ ರೋಗ ಹೋಗಲೇ ಇಲ್ಲಪ್ಪಾ; ಅಂಚನ್ನು ದಿನಾ ರೋಗದ ಬಳಿಗೆ ಒಯ್ದವನು ರೈತ.”